ಹೆಸರು ಬರೆಸಿದ ಕೊಡ

ಸ್ಟೂಲು ಹತ್ತಲು ಬೇಸರಪಟ್ಟದ್ದೇ ರಾಚಪ್ಪನ ಅಂದಿನ ಪಾಡಿಗೆಲ್ಲ ಕಾರಣ.

"ಮಧ್ಯಾಹ್ನದ ಬಸ್ಸಿಗೆ ಹುನಗುಂದದಿಂದ ಅವ್ವ ಬರ್ತಾಳ. ಅಟ್ಟದ ಮ್ಯಾಲಿರೋ ಆಕಿ ಕೊಡ ಇಳಿಸಿ ಕೊಟ್ಟು ಹೋಗ್ರಿ," ಎಂದು ಹೆಂಡತಿ ಶಿವಗಂಗಾ ಬೆಳಿಗ್ಗೆಯೇ ಹೇಳಿದ್ದಳು.

"ಆಕಿ ಬರೂದ್ರಾಗ ಇಳಿಸ್ತೇನಿ ತಗೋ," ಎಂದು ರಾಚಪ್ಪ ಬೈಕು ಹತ್ತಿದ.

ಆ ಕೊಡದ ಕತೆಯೇ ಬೇರೆ. ಅತ್ತೆ ಸಿದ್ದವ್ವ ವಯಸ್ಕರ ಶಾಲೆಗೆ ಹೋಗಿ ಕಲಿತದ್ದು ಒಂದೇ ಶಬ್ದ, ತನ್ನ ಹೆಸರು. ಆ ಖುಷಿಯಲ್ಲಿ ಮಗಳ ಮದುವೆಗೆ ಕೊಟ್ಟ ಸ್ಟೀಲಿನ ಕೊಡದ ಮೇಲೆ ಅದನ್ನು ಬೆರಳುದ್ದದ ಅಕ್ಷರಗಳಲ್ಲಿ ಕೆತ್ತಿಸಿದ್ದಳು. ಮಗಳ ಮನೆಗೆ ಬಂದಾಗಲೆಲ್ಲ ನೆಟ್ಟಗೆ ಅಡುಗೆಮನೆಗೆ ಹೋಗಿ ಅದನ್ನೊಮ್ಮೆ ಓದುವುದು, ಆಮೇಲೆಯೇ ಚಹಾ. ಹೋದ ಸಲ ಬಂದಾಗ ಕೊಡ ಅಟ್ಟದ ಮೇಲಿತ್ತು. ಸಿದ್ದವ್ವ ಚಹಾ ಮುಟ್ಟದೆ ಬಂದ ಕಾಲಲ್ಲೇ ಹುನಗುಂದಕ್ಕೆ ಹೊರಟುಹೋದಳು. "ಇನ್ನೊಮ್ಮೆ ಹಿಂಗಾತಂದ್ರ ನಾನೂ ಆಕಿ ಜೋಡಿ ಬಸ್ ಹತ್ತಾಕಿ," ಎಂದು ಶಿವಗಂಗಾ ಅಂದೇ ಹೇಳಿಬಿಟ್ಟಿದ್ದಳು. ಅವಳು ಹೇಳಿದರೆ ಮಾಡುವವಳು.

ರಾಚಪ್ಪನದು ನಗರಸಭೆಯಲ್ಲಿ ಪ್ರಾಣಿ ಹಿಡಿಯುವ ಕೆಲಸ. ನವನಗರದಲ್ಲಿ ಯಾರ ಸ್ಕೂಟರಿನೊಳಗೆ ಹಾವು ಹೊಕ್ಕರೂ, ಯಾರ ನೀರಿನ ಟಾಕಿಗೆ ಬೆಕ್ಕು ಬಿದ್ದರೂ ಅವನಿಗೇ ಫೋನು. ಹೋದ ವಾರ ಒಬ್ಬರ ವಾಷಿಂಗ್ ಮಷಿನ್ನಿನಿಂದ ಉಡ ತೆಗೆದು ಕೊಟ್ಟಿದ್ದ. ತೆಗೆದ ಮೇಲೆ ಮನೆಯವರು, "ಮಷಿನ್ನೂ ಒಂಚೂರು ಸಪ್ಪಳಾ ಮಾಡ್ತೈತಿ, ನೋಡ್ರಿ," ಎಂದಿದ್ದರು.

ಅಂದು ಬಂದದ್ದು ಖಾಸಿಂಸಾಬನ ಫೋನು. ರಾಚಪ್ಪನ ಓಣಿಯಲ್ಲೇ ಟ್ರಂಕು ಮಾಡುವ ಅಂಗಡಿ ಅವನದು.

"ರಾಚಪ್ಪಣ್ಣ, ಲಗೂನ ಬರ್ರಿ! ನಮ್ಮ ಓಣ್ಯಾಗ ಕೊಡ ಓಡಾಡಾಕತ್ತೈತಿ!"

"ಕೊಡ ಎಲ್ಲೆರ ಓಡಾಡ್ತೈತೇನೊ?"

"ಅದರಾಗ ನಾಯಿ ಐತ್ರಿ!"

ಓಣಿಯ ಮೂಲೆಯ ಬೇವಿನ ಮರದ ಕೆಳಗೆ ಬೇಸಿಗೆಯಲ್ಲಿ ದಾರಿಹೋಕರಿಗೆ ಕೊಡದಲ್ಲಿ ಮಜ್ಜಿಗೆ ಇಡುತ್ತಿದ್ದರು. ದಿನಕ್ಕೊಂದು ಮನೆಯ ಪಾಳಿ. ಯಾರೋ ಕುಡಿದವರು ಮುಚ್ಚಳ ಹಾಕದೆ ಹೋಗಿದ್ದರು. ತಳದಲ್ಲಿ ಉಳಿದ ಮಜ್ಜಿಗೆಯ ಆಸೆಗೆ ಓಣಿಯ ನಾಯಿ ಕೆಂಚ ಕೊಡದೊಳಗೆ ತಲೆ ಹಾಕಿದ್ದ. ಹೋಗುವಾಗ ಹೋದ ತಲೆ ಬರುವಾಗ ಬರಲಿಲ್ಲ. ರಾಚಪ್ಪ ಬರುವ ಹೊತ್ತಿಗೆ ಕೆಂಚ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಟಣ್, ಟಣ್ ಎಂದು ಬಡಿದುಕೊಳ್ಳುತ್ತ ಓಡುತ್ತಿದ್ದ. ಹಿಂದೆ ಅರ್ಧ ಓಣಿ ಓಡುತ್ತಿತ್ತು.

ರಾಚಪ್ಪ ಬಲೆ ಬೀಸಿದ. ಕೆಂಚ ಬಲೆ ಸಮೇತ ಗಟಾರಕ್ಕೆ ಇಳಿದ. ಬಲೆಯ ಇನ್ನೊಂದು ತುದಿ ಹಿಡಿದಿದ್ದ ರಾಚಪ್ಪನೂ ಇಳಿದ.

"ಮೆಣಸಿನಕಾಯಿ ಹೊಗಿ ಹಾಕ್ರಿ," ಎಂದ ಖಾಸಿಂಸಾಬ ದಂಡೆಯ ಮೇಲೆ ನಿಂತು. "ಸೀನಿದ್ರ ತಲಿ ತಾನ ಹೊರಗ ಬರ್ತೈತಿ."

"ಅದರ ಜೀವಾನೂ ಬರ್ತೈತಿ. ಸುಮ್ಮನ ಕತ್ತರಿ ತಗೊಂಬಾ!"

ಖಾಸಿಂಸಾಬ ತಗಡು ಕತ್ತರಿಸುವ ದೊಡ್ಡ ಕತ್ತರಿ ತಂದ. ಅಷ್ಟರಲ್ಲಿ ಮಹಿಳಾ ಸಂಘದ ಸುನಂದಾ ಗುಂಪು ಸೀಳಿಕೊಂಡು ಮುಂದೆ ಬಂದು ಬಗ್ಗಿ ನೋಡಿದಳು. ಕೆಸರು ಮೆತ್ತಿದ ಕೊಡದ ಮೇಲೆ ಒಂದೇ ಶಬ್ದ ಕಾಣುತ್ತಿತ್ತು: ಸುನಂದಾ.

"ಅಯ್ಯಯ್ಯ, ನನ್ನ ಹೆಸರು! ನನ್ನ ತವರುಮನಿ ಕೊಡ! ಯಾರು ತಂದಿಟ್ರು ಇಲ್ಲಿ? ಕತ್ತರಿ ಹಚ್ಚಿದ್ರ ನೋಡ್ರಿ ಮತ್ತ!"

ತವರಿನ ಕೊಡ ಎಂದ ಮೇಲೆ ಖಾಸಿಂಸಾಬನ ಕತ್ತರಿ ತಾನಾಗಿಯೇ ಕೆಳಗಿಳಿಯಿತು. ಒಬ್ಬರು ಕುಸುಬಿ ಎಣ್ಣೆ ತಂದರು, ಇನ್ನೊಬ್ಬರು ಸಾಬೂನಿನ ನೀರು ಸುರಿದರು. ನಾಲ್ಕು ಜನ ಕೊಡ ಹಿಡಿದು ಎಳೆದರು, ನಾಲ್ಕು ಜನ ರಾಚಪ್ಪನನ್ನು ಹಿಡಿದು ಎಳೆದರು, ರಾಚಪ್ಪ ನಾಯಿಯನ್ನು ಹಿಡಿದಿದ್ದ. ಎಣ್ಣೆಯೆಲ್ಲ ರಾಚಪ್ಪನಿಗೇ ಹತ್ತಿತು. ಕೆಂಚ ಮಾತ್ರ ಇದ್ದಲ್ಲೇ ಇದ್ದ.

ಸ್ವಲ್ಪ ಹೊತ್ತಿಗೆ ಕೆಂಚ ಒದ್ದಾಡುವುದನ್ನು ನಿಲ್ಲಿಸಿದ. ಕೊಡದೊಳಗಿಂದ ಉಸಿರು ಗೊರಗೊರ ಕೇಳುತ್ತಿತ್ತು. ಹೋದ ವರ್ಷ ಚುಚ್ಚುಮದ್ದಿಗೆಂದು ಹಿಡಿದಾಗ ಇದೇ ನಾಯಿ ಅವನ ಮೊಣಕೈ ಕಚ್ಚಿತ್ತು. ಆದರೂ ಕಣ್ಣ ಮುಂದೆ ಸಾಯುವುದನ್ನು ನೋಡಲು ಅವನಿಂದಾಗಲಿಲ್ಲ.

"ಸುನಂದಕ್ಕ, ನಮ್ಮ ಮನ್ಯಾಗ ಎರಡು ಕೊಡ ಅದಾವ. ಒಂದು ನಮ್ಮ ಅತ್ತೀದು, ಅದು ಬ್ಯಾಡ. ಇನ್ನೊಂದು ಈಗ ತಂದು ನಿಮಗ ಕೊಡ್ತೇನಿ. ಈ ಮಂದಿ ಮುಂದ ಹೇಳಾಕತ್ತೇನಿ!"

"ಖರೇನ?"

"ಖರೇನ ರೀ, ಮೊದಲ ಕತ್ತರಸಾಕ ಬಿಡ್ರಿ!"

ಖಾಸಿಂಸಾಬ ಕತ್ತರಿ ಹಾಕಿದ. ತಗಡು ಕರಕರ ಹರಿಯಿತು. ಹೊರಗೆ ಬಂದ ಕೆಂಚ ಒಂದು ಸಲ ಸೀನಿ, ಗುಂಪನ್ನೆಲ್ಲ ಬಿಟ್ಟು ರಾಚಪ್ಪನಿಗೇ ಬೊಗಳಿ ಓಡಿಹೋದ. ಜನ ಚಪ್ಪಾಳೆ ತಟ್ಟಿದರು.

ಖಾಸಿಂಸಾಬ ಗುಜರಿಗಾದರೂ ಆದೀತೆಂದು ಕೊಡದ ಕೆಸರು ಒರೆಸಿದ. ಒರೆಸಿದಂತೆಲ್ಲ ಅಕ್ಷರಗಳು ಹೊರಬಿದ್ದವು. ಗಟ್ಟಿಯಾಗಿ ಓದಿದ: "ರಾಚಪ್ಪ, ಶಿವಗಂಗಾ ಇವರ ಹೊಸ ಮನೆಯ ನೆನಪಿಗೆ, ಸುನಂದಾ."

ಅದು ಸುನಂದಾ ಇಟ್ಟುಕೊಂಡ ಕೊಡವಲ್ಲ, ಕೊಟ್ಟ ಕೊಡ. ರಾಚಪ್ಪನದೇ ಕೊಡ.

ರಾಚಪ್ಪ ಹೆಂಡತಿಗೆ ಫೋನು ಮಾಡಿದ. ಅವಳು ಕಾಯಿಪಲ್ಲೆ ಸಂತೆಯಲ್ಲಿದ್ದಳು.

"ಹೌದು, ಇವತ್ತ ಮಜ್ಜಗಿ ಪಾಳಿ ನಮ್ಮದು. ಅವ್ವನ ಕೊಡ ಇಳಿಸಿ ಕೊಟ್ಟಿದ್ರ ಅದರಾಗ ಇಟ್ಟು, ಆಕಿ ಬರೂದ್ರಾಗ ಒಳಗ ತರ್ತಿದ್ದೆ. ನೀವು ಇಳಿಸಲಿಲ್ಲ, ಕೈಗೆ ಸಿಕ್ಕ ಸುನಂದಕ್ಕನ ಕೊಡದಾಗ ಇಟ್ಟೆ. ಯಾಕ?"

"ಏನಿಲ್ಲ," ಎಂದು ರಾಚಪ್ಪ ಫೋನು ಇಟ್ಟ. ಸುನಂದಾಳ ಕಡೆ ತಿರುಗಿ ಹಲ್ಲು ಕಿಸಿದ. "ನನ್ನ ಕೊಡ ನಾನ ಕತ್ತರಿಸಿದಂಗಾತು. ಲೆಕ್ಕ ಚುಕ್ತಾ ಅಲ್ರಿ?"

"ಎಲ್ಲಿ ಚುಕ್ತಾ? ನಾ ಪ್ರೀತಿಲೆ ಕೊಟ್ಟದ್ದು ನಾಯಿ ಬಾಯಿಗಿಟ್ಟೀರಿ! ನನಗೇನೂ ಬ್ಯಾಡ. ಆದ್ರ ಮಂದಿ ಮುಂದ ಕೊಡ ಕೊಡ್ತೇನಿ ಅಂದೀರಿ, ಪಾಳೀನೂ ನಿಮ್ದ. ತಂದು ಈ ಗಿಡದ ಬುಡಕ ಇಡ್ರಿ. ಮಜ್ಜಗಿ ನಾ ಹಾಕ್ತೇನಿ."

"ಮಾತು ಮಾತ ಅಲ್ರಿ," ಎಂದ ಖಾಸಿಂಸಾಬ. ಓಣಿಯೆಲ್ಲ ಹೌದೆಂದಿತು.

ಉಳಿದದ್ದು ಒಂದೇ ಕೊಡ. ರಾಚಪ್ಪ ಕಡೆಗೂ ಸ್ಟೂಲು ಹತ್ತಿದ. ಅತ್ತೆಯ ಕೊಡವನ್ನು ತೊಳೆದು ತಂದು ಮರದ ಕೆಳಗಿಟ್ಟ. ಈ ಬಿಸಿಲಿಗೆ ಮಜ್ಜಿಗೆ ಬೇಗ ಮುಗಿಯುತ್ತದೆ, ಸಿದ್ದವ್ವ ಅಡುಗೆಮನೆಗೆ ಹೋಗುವುದರೊಳಗೆ ಹಿತ್ತಲ ಬಾಗಿಲಿಂದ ಒಳಗೆ ತಂದಿಟ್ಟರಾಯಿತು ಎಂದು ಲೆಕ್ಕ ಹಾಕಿದ. ಬಾಯಿಗೆ ತಾಟು ಮುಚ್ಚಿ, ತಾಟಿನ ಮೇಲೆ ಕಲ್ಲು ಹೇರಿದ. "ಕುಡಿದವರು ಕಲ್ಲು ವಾಪಸ್ ಇಡ್ರಿ," ಎಂದು ಎಲ್ಲರಿಗೂ ಕೈಮುಗಿದ. ಅಂಗಿ ಬದಲಿಸಿ, ಓಣಿಯ ಅರ್ಷದನ ಆಟೋದಲ್ಲಿ ಬಸ್ ನಿಲ್ದಾಣಕ್ಕೆ ಹೋದ.

ಸಿದ್ದವ್ವ ಅಂದು ಬಹಳ ಪ್ರಸನ್ನಳಾಗಿದ್ದಳು. "ಏನ ಅಳಿಯಂದ್ರ, ಕುಸುಬಿ ಎಣ್ಣಿ ವಾಸನಿ ಬರ್ತೈತೆಲ್ಲ?" ಎಂದಷ್ಟೇ ಕೇಳಿ, ದಾರಿಯುದ್ದಕ್ಕೂ ತನ್ನ ಕೊಡದ ಸುದ್ದಿಯನ್ನೇ ಹೇಳಿದಳು. ರಾಚಪ್ಪ ಹೂಂಗುಟ್ಟುತ್ತ ಕುಳಿತ.

ಆಟೋ ಓಣಿಗೆ ತಿರುಗಿತು. ದೂರದಲ್ಲಿ ಟಣ್ ಎಂದಿತು. ಆಮೇಲೆ ಇನ್ನೊಮ್ಮೆ, ಸ್ವಲ್ಪ ಹತ್ತಿರದಲ್ಲಿ.

ರಾಚಪ್ಪ ಸೀಟಿನಿಂದ ಮುಂದೆ ಬಗ್ಗಿ ನೋಡಿದ. ಕೆಂಚ ಕೊಡ ಹೊತ್ತು ನೆಟ್ಟಗೆ ಆಟೋದ ಕಡೆಗೇ ಬಂದು, ಮುಂದಿನ ಗಾಲಿಗೆ ಬಡಿದು ನಿಂತ. ಈ ಸಲ ಮೇಲೆ ಕೆಸರಿನ ಒಂದು ಹನಿಯೂ ಇರಲಿಲ್ಲ. ಅಕ್ಷರಗಳು ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದವು.

"ಅರ್ಷದ, ಹೊಡಿಯೋ ಗಾಡಿ!"

"ತಡೀರಿ ಅಣ್ಣಾ, ಅವ್ವಾರು ಓದಾಕತ್ತಾರ," ಎಂದ ಅರ್ಷದ ಗೌರವದಿಂದ.

ಸಿದ್ದವ್ವ ಹೊರಗೆ ಬಗ್ಗಿ, ಒಂದೊಂದೇ ಅಕ್ಷರಕ್ಕೆ ಬೆರಳು ಹಚ್ಚಿದಂತೆ ಗಾಳಿಯಲ್ಲಿ ಬೆರಳಾಡಿಸುತ್ತಿದ್ದಳು. "ಸಿ... ದ್ದ..."

ಅಷ್ಟರಲ್ಲಿ ಖಾಸಿಂಸಾಬ ಕತ್ತರಿ ಹಿಡಿದು ಏದುಸಿರು ಬಿಡುತ್ತ ಓಡಿಬಂದ. "ರಾಚಪ್ಪಣ್ಣ, ಈ ಸಲ ಮೊದಲ ಕೇಳೇ ಬಿಡ್ತೇನಿ. ಇದು ಯಾರ ಕೊಡ? ಕತ್ತರಿಸಲೇನ್ರಿ?"

"...ವ್ವ," ಎಂದು ಸಿದ್ದವ್ವ ಓದಿ ಮುಗಿಸಿದಳು. ಕೊಡ ನೋಡಿದಳು, ಕತ್ತರಿ ನೋಡಿದಳು, ಅಳಿಯನನ್ನು ನೋಡಿದಳು. ಆಮೇಲೆ ಅರ್ಷದನ ಹೆಗಲು ತಟ್ಟಿದಳು.

"ತಮ್ಮಾ, ಬಸ್‌ಸ್ಟ್ಯಾಂಡಿಗೆ ಗಾಡಿ ಹೊಳ್ಳಸು. ಮೊದಲ ನನ್ನ ಮಗಳನ್ನ ಹತ್ತಿಸ್ಕೋ."