ಮಾವನ ಸೀಸೆಗಳಲ್ಲಿ ನಾಲ್ಕು ತಾಲ್ಲೂಕು

ನಮ್ಮ ಸೋದರಮಾವನಷ್ಟು ಪ್ರೀತಿಯಿಂದ ಬೇರೆಯವರ ಭೇದಿಯನ್ನು ವಿಚಾರಿಸುವ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬರಿಲ್ಲ. ಬೇಕಾದರೆ ಬೆಟ್ ಕಟ್ಟುತ್ತೇನೆ! ಬೈರಕೂರಿನಲ್ಲಿರುವ ಅವರು ಹೆಲ್ತ್ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ನಿವೃತ್ತಿಯಾದದ್ದು ಇಲಾಖೆಗೆ ಗೊತ್ತು, ನಮ್ಮತ್ತೆಗೆ ಗೊತ್ತು, ಅವರೊಬ್ಬರಿಗೇ ಗೊತ್ತಿಲ್ಲ. ದಿನಾ ಬೆಳಗ್ಗೆ ಆರಕ್ಕೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ನೆಂಟರಿಗೆಲ್ಲ ಫೋನು ಮಾಡುತ್ತಾರೆ. 'ಚೆನ್ನಾಗಿದೀರಾ', 'ಊಟ ಆಯ್ತಾ' ಎಂಬ ಮಾತೇ ಇಲ್ಲ.

"ಕೆಮ್ಮು ಎಷ್ಟು? ಭೇದಿ ಎಷ್ಟು? ಸರಿಗ್ಗಾ ಎಣ್ಸಿ ಹೇಳೋ. ಅಕ್ಕಪಕ್ಕದ ಮನೇದೂ ಸೇರ್ಸು."

ಈ ಲೆಕ್ಕ ಇಡಲು ಪುಸ್ತಕವಿಲ್ಲ. ಕಿಟಕಿಯಲ್ಲಿ ನಾಲ್ಕು ಗಾಜಿನ ಸೀಸೆಗಳಿವೆ, ತಾಲ್ಲೂಕಿಗೊಂದು. ಒಬ್ಬರಿಗೆ ಕೆಮ್ಮಾದರೆ ಒಂದು ಹುಣಸೆ ಬೀಜ, ಭೇದಿಯಾದರೆ ಒಂದು ಒಣ ಅವರೆಕಾಳು. ಕಾಳು ಬೇಗ ಬೇಗ ಏರಿತೋ, ಮಾವ ಆ ಊರಿನ ಆಸ್ಪತ್ರೆಗೆ ಫೋನು ಮಾಡಿ ನೀರು ಪರೀಕ್ಷೆ ಮಾಡಿಸಿ ಎಂದು ಪ್ರಾಣ ತಿನ್ನುತ್ತಾರೆ.

ಬಸ್ಸು ಹತ್ತಿದರೂ ಇದೇ ಕಥೆ. ಒಮ್ಮೆ ಮುಳಬಾಗಿಲಿನಿಂದ ಜೊತೆಯಲ್ಲಿ ಬರುತ್ತಿದ್ದೆ. ಕಂಡಕ್ಟರು ಬಂದು "ಎಲ್ಲಿಗೆ ಸ್ವಾಮಿ?" ಎಂದರೆ ಮಾವ ಬಾಯಿಯ ಮೇಲೆ ಬೆರಳಿಟ್ಟು, "ಸುಮ್ನಿರಪ್ಪಾ, ಎಣಿಕೆ ತಪ್ಪುತ್ತೆ. ಮುಂದಿನ ಸೀಟಿನವರು ಕೆಮ್ಮಿದ್ದು ಒಂಬತ್ತನೇ ಸಲ" ಎಂದರು. ಮುಂದಿನ ಸೀಟಿನವರು ನಂಗಲಿಯ ಯಜಮಾನರೊಬ್ಬರು. ಪಾಪ, ಕೋಲಾರ ಬರುವವರೆಗೂ ಕೆಮ್ಮು ಬಿಗಿಹಿಡಿದು ಕೂತಿದ್ದರು.

ಇಂಥ ಮಾವನ ಘನಕಾರ್ಯಕ್ಕೆ ಒಮ್ಮೆ ಅತ್ತೆಯೇ ಎಳ್ಳುನೀರು ಬಿಟ್ಟರು. ದಿಢೀರನೆ ನೆಂಟರು ಬರುತ್ತೇವೆಂದರು, ಮನೆಯಲ್ಲಿ ತರಕಾರಿಯಿಲ್ಲ. ಅತ್ತೆ ಏನು ಮಾಡಬೇಕು? ನಾಲ್ಕೂ ಸೀಸೆ ಸುರಿದು, ಹುಣಸೆ ಬೀಜ ಆರಿಸಿಟ್ಟು, ಅವರೆಕಾಳು ನೆನೆಹಾಕಿ, ಸಂಜೆಗೆ ಘಮಘಮ ಸಾರು ಮಾಡಿಬಿಟ್ಟರು! ಮಾರನೆಯ ಬೆಳಗ್ಗೆ ಕಿಟಕಿಯ ಹತ್ತಿರ ಮಾವನ ಕೂಗು.

"ಲೇ, ನನ್ನ ಶ್ರೀನಿವಾಸಪುರ ಎಲ್ಲೇ?"

"ನಿನ್ನೆ ಮುದ್ದೆ ಜೊತೆ ಎರಡು ಸಲ ಹಾಕಿಸ್ಕೊಂಡ್ರಲ್ಲ!"

ಮಾವ ಅಂದೇ ನಾಲ್ಕೂ ತಾಲ್ಲೂಕಿಗೆ ಮತ್ತೆ ಫೋನು ಮಾಡಿ, ಮೊದಲಿನಿಂದ ಎಣಿಸತೊಡಗಿದರು.

ನಾನಿರುವುದು ಮಾಲೂರಿನಲ್ಲಿ, ಕೆಲಸ ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ. ಹೋದ ವರ್ಷ ನಮ್ಮ ಮಗಳಿಗೆ ಸ್ವಲ್ಪ ಹೊಟ್ಟೆ ಕೆಟ್ಟಿದೆ ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಮಧ್ಯಾಹ್ನಕ್ಕೆ ಮಾವ ಚೀಲದ ಸಮೇತ ಹಾಜರು! ಎಂಟು ದಿನ ಇದ್ದು, ಸಂಪು ತೊಳೆಸಿ, ಎದುರುಮನೆಯಾಕೆಗೆ ಕೈ ತೊಳೆಯುವುದನ್ನು ಕಲಿಸಿ ಹೋದರು. ಆಕೆ ಇಂದಿಗೂ ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಾಳೆ. ಅಂದಿನಿಂದ ನನ್ನ ಉತ್ತರ ಒಂದೇ: "ಸೊನ್ನೆ, ಮಾವ."

"ಮಾಲೂರಲ್ಲಿ ಒಬ್ರಿಗೂ ಕೆಮ್ಮಿಲ್ವಾ? ಅಲ್ಲಿ ಜನ ಇದಾರೋ ಇಲ್ವೋ?"

ಈ ಸಲದ ಮಳೆಗಾಲ ಶುರುವಾದಾಗ ಪಕ್ಕದ ಮನೆಯ ಇಬ್ಬರು ಮಕ್ಕಳಿಗೆ ಭೇದಿ. ನನಗೆ ಗೊತ್ತಿತ್ತು. ಸೊನ್ನೆ ಎಂದೆ. ಎರಡು ದಿನ ಕಳೆದು ನನ್ನ ಮಗಳಿಗೇ ನಸುಕಿನಿಂದ ನಾಲ್ಕು ಸಲ ಆಯಿತು. ಆರಕ್ಕೆ ಫೋನು ಬಂತು. "ಸೊನ್ನೆ, ಮಾವ" ಎನ್ನುವುದಕ್ಕೂ, ಒಳಗಿನಿಂದ ಅವಳು "ಅಪ್ಪಾ, ಮತ್ತೆ ಬರ್ತಿದೆ!" ಎಂದು ಕೂಗುವುದಕ್ಕೂ ಸರಿಹೋಯಿತು. ಆ ಕಡೆಯಿಂದ ಫೋನು ಕಟ್ಟಾಯಿತು. ಮಾವನಿಗೆ ಸಿಟ್ಟು ಬಂದಿರಬೇಕು, ಬರಲಿ ಬಿಡು ಎಂದುಕೊಂಡು ನಾನು ಕಂಪನಿ ಬಸ್ಸು ಹತ್ತಿದೆ. ಮಕ್ಕಳ ಭೇದಿ ಅಲ್ಲವೇ, ಸಂಜೆಗೆ ನಿಲ್ಲುತ್ತದೆ!

ನಿಲ್ಲಲಿಲ್ಲ. ಹತ್ತು ಗಂಟೆಗೆ ಹೆಂಡತಿಯ ಫೋನು: "ಮಗು ಕಣ್ಣು ಬಿಡ್ತಿಲ್ಲ ಕಣ್ರೀ. ಮಾವ ಬಂದಿದಾರೆ, ಆಟೋಲಿ ಆಸ್ಪತ್ರೆಗೆ ಹೋಗ್ತಿದೀವಿ." ನಾನು ತಲುಪುವ ಹೊತ್ತಿಗೆ ಅವಳ ಪುಟ್ಟ ಕೈಗೆ ಡ್ರಿಪ್ ಹಾಕಿದ್ದರು. ಮಾವನ ಅಂಗಿಯ ಮುಂಭಾಗವೆಲ್ಲ ಒದ್ದೆ. ದಾರಿಯುದ್ದಕ್ಕೂ ಚಮಚದಲ್ಲಿ ಸಕ್ಕರೆ ಉಪ್ಪಿನ ನೀರು ಕುಡಿಸುತ್ತಾ ಬಂದರಂತೆ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ನಮ್ಮ ಬೀದಿಯಲ್ಲಿ ಮನೆಮನೆಗೂ ಹೋಗಿ ಕೇಳಿದರು. ಏಳು ಮನೆಯಲ್ಲಿ ಭೇದಿ. ನೀರಿನ ಪೈಪು ಚರಂಡಿಯ ಪಕ್ಕದಲ್ಲೇ ಒಡೆದಿತ್ತು. ಅಲ್ಲೇ ನಿಂತು, ಸರಿಮಾಡಿಸಿ ಬಂದರು. ಮುಖ ತಿರುಗಿಸುತ್ತಿದ್ದ ಎದುರುಮನೆಯಾಕೆಯೇ ಅವರಿಗೆ ಕೊಡೆ ಹಿಡಿದಿದ್ದಳಂತೆ. ನಾನು ಹೇಳಿದ ಸೊನ್ನೆಯೊಳಗೆ ಇಷ್ಟೆಲ್ಲ ಇತ್ತು.

ಮೂರನೆಯ ದಿನ ಮಧ್ಯಾಹ್ನ ಮಗಳು ಎದ್ದು ಕೂತಳು. ಕೂತವಳೇ ಕೇಳಿದಳು:

"ತಾತಾ, ನನ್ನ ಕಾಳು ಮಾಲೂರು ಸೀಸೇಗೆ ಹಾಕಿದ್ರಾ?"

ಮಾವ ಜೇಬಿಗೆ ಕೈ ಹಾಕಿ ಒಂದು ಅವರೆಕಾಳು ತೆಗೆದರು. ಬೆವರಿಗೆ ನೆನೆದು ಅದರ ಸಿಪ್ಪೆ ಸುಕ್ಕಾಗಿತ್ತು.

"ಇಲ್ಲ ಕಣಮ್ಮ. ಅವತ್ತು ಫೋನ್ ಇಟ್ಟ ತಕ್ಷಣ ತಗೊಂಡೆ. ಹಾಕೋಕೆ ಕೈ ಬರ್ಲಿಲ್ಲ."

ನಾಲ್ಕು ತಾಲ್ಲೂಕಿನವರನ್ನೆಲ್ಲ ಎಣಿಸುವ ಮನುಷ್ಯನಿಗೆ ನನ್ನ ಮಗಳನ್ನು ಎಣಿಸಲಾಗಲಿಲ್ಲ. ಮಾವ ಯಾವತ್ತೂ 'ಊಟ ಆಯ್ತಾ' ಎಂದು ಕೇಳುವುದಿಲ್ಲ ಎಂದು ಎಷ್ಟು ವರ್ಷ ಆಡಿಕೊಂಡು ನಕ್ಕಿದ್ದೇವೆ! ನಾವಾದರೂ ಅವರನ್ನು ಯಾವತ್ತು ಕೇಳಿದ್ದೇವೆ?

"ಊಟ ಆಯ್ತಾ, ಮಾವ?" ಎಂದೆ.

ಮಾವ ಲೆಕ್ಕ ತಪ್ಪಿದವರ ಹಾಗೆ ನನ್ನ ಮುಖ ನೋಡಿದರು.

"ಇಲ್ಲ ಕಣೋ," ಎಂದರು. "ಅವತ್ತಿಂದ ಸರಿಯಾಗಿ ಉಂಡೇ ಇಲ್ಲ."