ಅಳಿಯನ ಕಾಯಿ

ಅಭಿರುಚಿ ಎನ್ನುವುದು ಬಹಳ ದೊಡ್ಡ ಮಾತು. ಆಟಗಳ ವಿಷಯದಲ್ಲಂತೂ ಯಾರಾದರೂ "ನನಗೆ ಈ ಆಟ ಇಷ್ಟ" ಎಂದರೆ, ಅದರಲ್ಲಿ ಅವನು ಗೆಲ್ಲುತ್ತಾನೆ ಎಂದಷ್ಟೇ ತಿಳಿಯಬೇಕು. ನನಗೆ ಚದುರಂಗ ಸೇರುವುದಿಲ್ಲ. ಆನೆ ಕುದುರೆಗಳನ್ನು ಆಳುವಷ್ಟು ತಲೆ ಇದ್ದಿದ್ದರೆ ಇಂಡಿ ಊರಿನ ಕಚೇರಿಯಲ್ಲಿ ಟಪಾಲು ವಿಂಗಡಿಸುತ್ತ ಏಕೆ ಕೂಡುತ್ತಿದ್ದೆ? ಕೇರಂ ಆಡಿದರೆ ಉಗುರು ನೋಯುತ್ತದೆ, ಕಾಯಿ ಮಾತ್ರ ಅಲುಗುವುದಿಲ್ಲ. ಇಸ್ಪೀಟಿನಲ್ಲಿ ನನ್ನ ಮುಖವೇ ನನ್ನ ಎಲೆಗಳನ್ನು ಊರಿಗೆಲ್ಲ ಸಾರಿಬಿಡುತ್ತದೆ. ಹೀಗೆ ಎಲ್ಲ ಕಡೆ ಮಣ್ಣು ಮುಕ್ಕಿದ ಮೇಲೆ ಉಳಿದದ್ದು ಚೌಕಾಬಾರ ಒಂದೇ. ಅದೂ ಎಲ್ಲರ ಜೊತೆಗಲ್ಲ, ಬಸವನ ಬಾಗೇವಾಡಿಯ ನಮ್ಮ ಮಾವನವರ ಜೊತೆಗೆ ಮಾತ್ರ.

ಮಾವ ಜೋಳದ ವ್ಯಾಪಾರಿ. ಅವರ ಪಡಸಾಲೆಯ ಹಾಸುಗಲ್ಲಿನ ಮೇಲೆ ಅಜ್ಜನ ಕಾಲದಲ್ಲೇ ಚೌಕಾಬಾರದ ಮನೆಗಳನ್ನು ಕೆತ್ತಿಸಿದ್ದರು. ಅವರ ಕಾಯಿ ಹುಣಸೆಬೀಜ. ನನ್ನದು ನನ್ನ ಹೆಂಡತಿ ನೀಲಾಳ ಒಡೆದ ಹಸಿರು ಬಳೆಯ ಚೂರು. ಆಟ ಬಾರದವರಿಗೆ ಒಂದು ಮಾತು ಹೇಳಿಬಿಡುತ್ತೇನೆ: ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ನಮ್ಮ ಕಾಯಿ ಒಳಮನೆಗೆ ಹೋಗುವಂತಿಲ್ಲ, ನಡುಮನೆ ಮುಟ್ಟಿ ಹಣ್ಣಾಗುವಂತಿಲ್ಲ. ಹೊರಸುತ್ತಿನಲ್ಲೇ ಗಾಣದೆತ್ತಿನ ಹಾಗೆ ತಿರುಗುತ್ತಿರಬೇಕು. ಪೇಟೆಯವರ ಕಾಯಿಗಳನ್ನು ಮಾವ ಜೋಳದ ಕಣಿಕೆ ಕಡಿದಂತೆ ಕಡಿಯುತ್ತಿದ್ದರು. ನನ್ನೆದುರು ಕುಳಿತರೆ ಮಾತ್ರ ಪ್ರತಿ ಸಲವೂ ಸೋಲು. "ಅಳಿಯಾರ, ಸಾಯೂದ್ರೊಳಗ ನಿಮ್ಮ ಮ್ಯಾಲ ಒಂದಾಟ ಗೆಲ್ತೇನ್ರಿ" ಎಂದು ನಗುತ್ತಿದ್ದರು. ನಾನು ಇಂಡಿಗೆ ಮರಳಿ, ಬಾಗೇವಾಡಿಯ ಹುಲಿಯನ್ನು ಹೊಡೆದು ಬಂದೆ ಎಂದು ಕಚೇರಿಯಲ್ಲಿ ಎಲ್ಲರಿಗೂ ಚಹಾ ಕುಡಿಸುತ್ತಿದ್ದೆ.

ಎಪ್ಪತ್ತೈದೋ ಎಪ್ಪತ್ತಾರೋ ಇಸವಿ ಇರಬೇಕು, ಸುಗ್ಗಿ ಮುಗಿಯುವ ಹೊತ್ತಿಗೆ ಮಾವನಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು. ವಿಜಾಪುರದ ಡಾಕ್ಟರು, ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದುಬಿಟ್ಟರು. ಸುದ್ದಿ ಬಂದ ದಿನ ನೀಲಾ ಚೀಲ ತುಂಬುತ್ತ, ಕಣ್ಣೊರೆಸಿಕೊಳ್ಳುತ್ತ ಹೇಳಿದಳು: "ನೋಡ್ರಿ, ನಿಮ್ಮ ಶ್ಯಾಣ್ಯಾತನ ಎಲ್ಲಾ ಇಲ್ಲೇ ಇಂಡ್ಯಾಗ ಬಿಟ್ಟು ಬರ್ರಿ. ಅಪ್ಪನ ಕೂಡ ಒಂದಾಟ ಸೋಲ್ರಿ. ಆದ್ರ ಅವಂಗ ಗೊತ್ತಾಗಬಾರ್ದು ಮತ್ತ!"

ಸೋಲುವುದರಲ್ಲಿ ನನ್ನ ಅನುಭವ ಕಡಿಮೆಯೇ? ಸಾಯುವ ಮನುಷ್ಯನ ಆಸೆ ತೀರಿಸುವುದು ಇಷ್ಟು ಸುಲಭವೇ ಎಂದುಕೊಂಡು ಬಸ್ಸಿನಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಿದೆ. ಮಧ್ಯಾಹ್ನ ಮಾವನನ್ನು ಗೋಡೆಗೆ ಆನಿಸಿ ಕೂಡಿಸಿದೆವು. ಎಡಗೈಯಿಂದ ಕವಡೆ ಉರುಳಿಸಿದರು. ನಾನು ಒಂದು ಬಳೆಚೂರನ್ನು ಅವರ ಬೀಜದಿಂದ ಸರಿಯಾಗಿ ಮೂರು ಮನೆ ಮುಂದೆ ತಂದು ಬಯಲಿಗಿಟ್ಟೆ. ಮೂರು ಬಿತ್ತು. ಮಾವ ಆ ಬೀಜ ಬಿಟ್ಟು ಇನ್ನೊಂದನ್ನು ನಡೆಸಿದರು. ನಾಲ್ಕು ಮನೆ ಮುಂದೆ ಇಟ್ಟೆ. ನಾಲ್ಕೇ ಬಿತ್ತು. ಮತ್ತೆ ಇನ್ನೊಂದು ಬೀಜ!

"ಮಾವಾರ, ಇಲ್ಲೇ ಐತಲ್ರಿ, ಕಡೀರಿ!" ಎಂದೆ.

"ಕಣ್ಣ ಸರಿ ಕಾಣವಲ್ವು ಅಳಿಯಾರ" ಎಂದರು ತೊದಲುತ್ತ.

ಆಗ ತಾನೇ ಇದೇ ಮಹಾನುಭಾವರು, ಅತ್ತೆ ಹಸನು ಮಾಡಿದ ಜೋಳದಲ್ಲಿ ಉಳಿದಿದ್ದ ಹರಳನ್ನು ತೋರಿಸಿ ಗದರಿದ್ದರು. ಆದರೂ ನನ್ನ ತಲೆಗೆ ಹೊಳೆಯಲಿಲ್ಲ ನೋಡಿ. ಪಾಪ, ಕಣ್ಣೂ ಹೋದವು ಎಂದು ಮರುಗಿದೆ. ಸೋಲಲೇಬೇಕಾದ ನಾನು ಅವರ ಕಾಯಿ ಕಡಿಯುವಂತಿಲ್ಲ, ಅವರೋ ಕಡಿಯಲೊಲ್ಲರು. ದೀಪ ಹಚ್ಚುವ ಹೊತ್ತಿನವರೆಗೂ ಇಬ್ಬರೂ ಹೊರಸುತ್ತು ತಿರುಗಿದ್ದೇ ತಿರುಗಿದ್ದು. ಕೊನೆಗೆ ಮಾವ, "ಇರ್ಲಿ, ನಾಳೆ ಮುಗಸೂಣು" ಎಂದರು. ಕಾಯಿ ಕದಡಬಾರದೆಂದು ಅತ್ತೆ ಮೇಲೊಂದು ಬುಟ್ಟಿ ಕವುಚಿದರು.

ಬೆಳಗಾಗುವುದರೊಳಗೆ ಮಾವ ಹೋಗಿಬಿಟ್ಟಿದ್ದರು.

ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಹಣೆಗೆ ವಿಭೂತಿ ಹಚ್ಚಿ, ರುಮಾಲು ಸುತ್ತಿ, ಹಾರ ಹಾಕಿ ಮಾವನನ್ನು ಅದೇ ಗೋಡೆಗೆ ಆನಿಸಿ ಕೂಡಿಸಿದರು. ಭಜನೆಯವರಿಗೆ ಜಾಗ ಮಾಡಲೆಂದು ಯಾರೋ ಬುಟ್ಟಿ ಎತ್ತಿದರು. ಎದುರಿಗೆ ನಿನ್ನೆಯ ಆಟ ಹಾಗೆಯೇ ಇತ್ತು. ಈಗ ಯಾರ ಪಾಳಿ ಎಂದು ನಾನು ಒಂದು ಕ್ಷಣ ನಿಜವಾಗಿಯೂ ಯೋಚಿಸಿದೆ. ಆಮೇಲೆ ದುಃಖ ತಡೆಯಲಾಗಲಿಲ್ಲ. "ಒಂದ ಕಾಯಿ ಕಡದಿದ್ರ ಗೆಲ್ತಿದ್ರಲ್ರಿ ಅತ್ತಿ!" ಎಂದು ಬಿಕ್ಕಿದೆ.

ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿದರು. "ಹೆಂಗ ಕಡೀತಾರ್ರಿ? ಅಳ್ಯಾನ ಕಾಯಿ ಕಡದ್ರ ಮಗಳ ಕುಂಕುಮಕ್ಕ ಕೇಡು ಅಂತಿದ್ರು. ನಿಮ್ಮ ಲಗ್ನ ಆದಾಗಿಂದ ಒಮ್ಮೆನೂ ಕಡದಿಲ್ಲ. ನಿಮಗ ಗೊತ್ತಿರಲಿಲ್ಲೇನು?"

ನನಗೂ ಗೊತ್ತಿರಲಿಲ್ಲ, ನೀಲಾಳಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ಕುಡಿಸಿದ ಚಹಾ ಎಲ್ಲ ನೆನಪಾಯಿತು. ಈಗಲಾದರೂ ಅವರ ಒಂದು ಬೀಜ ಹಣ್ಣಾಗಲಿ ಎಂದು ನನ್ನ ಬಳೆಚೂರನ್ನು ನಾನೇ ತೆಗೆಯಲು ಕೈ ಚಾಚಿದೆ. ಅತ್ತೆ ಗಪ್ಪನೆ ಕೈ ಹಿಡಿದರು. ಅಂದು ಬೆಳಿಗ್ಗೆ ತಮ್ಮ ಕುಂಕುಮ ಕಳೆದುಕೊಂಡ ಹೆಂಗಸು, "ಮುಟ್ಟಬ್ಯಾಡ್ರಿ! ಅವ್ರು ಕಾದದ್ದನ್ನ ನೀವು ಕೆಡಸಬ್ಯಾಡ್ರಿ" ಎಂದರು. ಮಾವನನ್ನು ಹಾಗೆಯೇ ಕೂಡಿಸಿಕೊಂಡು ಹೊತ್ತೊಯ್ದೆವು. ಅವರ ಬೀಜ ಹೊರಸುತ್ತಿನಲ್ಲೇ ಉಳಿಯಿತು.

ಇಂಡಿಗೆ ಬಂದ ದಿನ, ಸುದ್ದಿ ತಿಳಿಯದ ಸಹೋದ್ಯೋಗಿಯೊಬ್ಬ ದೂರದಿಂದಲೇ ಕೂಗಿದ: "ಏನ್ರೀ, ಈ ಸಲಾನೂ ನೀವ ಗೆದ್ರೇನು? ಚಹಾ ಎಲ್ಲೈತಿ?"

"ಸೋಲಾಕ ಬಿಡಲಿಲ್ಲೋ" ಎಂದೆ.

ನನ್ನ ಹಳೆಯ ಜಂಬವೇ ಇದು ಎಂದುಕೊಂಡು ಅವನು ಬಿದ್ದು ಬಿದ್ದು ನಕ್ಕ.