ಉಪ್ಪು ಕುಡಿದ ಬಸಳೆ

ದುಃಖದಲ್ಲಿರುವವನಿಗೆ ಬುದ್ಧಿ ಹೇಳಲು ಯಾರಿಗೂ ಪರವಾನಗಿ ಬೇಡ. ಹೆಂಡತಿ ಸುಮತಿ ತೀರಿಕೊಂಡ ಮೇಲೆ ನಾನು ಇದನ್ನು ಚೆನ್ನಾಗಿ ಕಲಿತೆ. ಬಂದವರೆಲ್ಲ ಚಪ್ಪಲಿ ಕಳಚುವ ಮೊದಲೇ ಒಂದೊಂದು ಸಲಹೆ ಕೊಟ್ಟರು. ಬೆಳಗ್ಗೆ ವಾಕಿಂಗ್ ಹೋಗಿ ಎಂದರು, ಟಿವಿ ನೋಡಿ ಎಂದರು, ಟಿವಿ ಮಾತ್ರ ನೋಡಬೇಡಿ ಎಂದರು. ಒಬ್ಬರಂತೂ ತಮ್ಮ ಹೆಂಡತಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು, “ಯಾರೂ ಶಾಶ್ವತ ಅಲ್ಲ ಮಾರಾಯ, ಹೋಗುವವರು ಹೋಗ್ತಾರೆ” ಎಂದರು. ಆ ಹೆಂಗಸಿನ ಮುಖ ನೋಡಬೇಕಿತ್ತು. ನಾನು ಕಂಕನಾಡಿಯ ಬಟ್ಟೆಯಂಗಡಿಯೊಂದರಲ್ಲಿ ಮೂವತ್ತು ವರ್ಷ ಸೀರೆ ಬಿಚ್ಚಿ ಮಡಚಿದವನು. ಏನನ್ನೂ ಕೊಳ್ಳದೆ ಮಾತಾಡಿ ಎದ್ದುಹೋಗುವವರು ನನಗೆ ಹೊಸಬರಲ್ಲ. ತಲೆಯಾಡಿಸುತ್ತ ಮನಸ್ಸಿನಲ್ಲೇ ಬೈಯುತ್ತಿದ್ದೆ.

ನನಗೆ ನಿಜವಾಗಿ ಚಿಂತೆಯಿದ್ದದ್ದು ಟೆರೇಸಿನ ಬಸಳೆಯದ್ದು. ಕುಲಶೇಖರದ ನಮ್ಮ ಮನೆಯ ಮೇಲೆ ಸುಮತಿ ಹಳೆಯ ಡ್ರಮ್ಮಿಗೆ ಮಣ್ಣು ತುಂಬಿಸಿ ಅದನ್ನು ನೆಟ್ಟಿದ್ದಳು, ಹಗ್ಗ ಕಟ್ಟಿ ಚಪ್ಪರಕ್ಕೆ ಹಬ್ಬಿಸಿದ್ದಳು. ನಮಗೆ ಮಕ್ಕಳಿಲ್ಲ. ಅವಳು ಕೈಯಾರೆ ಬೆಳೆಸಿ ಬಿಟ್ಟುಹೋದದ್ದರಲ್ಲಿ ಜೀವ ಇದ್ದದ್ದು ಅದೊಂದಕ್ಕೆ. ಅದನ್ನು ಸಾಯಗೊಡುವುದಿಲ್ಲ ಎಂದು ಹಟ ಹಿಡಿದೆ. ನನ್ನ ಹಟವನ್ನು ಲೆಕ್ಕಿಸದೆ ಅದು ಸಾಯಲು ಶುರುಮಾಡಿತು. ಎಲೆಗಳ ಅಂಚು ಇಸ್ತ್ರಿ ತಾಗಿದ ಬಟ್ಟೆಯಂತೆ ಕಂದಿತು, ಬಳ್ಳಿ ಜೋತುಬಿತ್ತು.

ಟೈಲ್ಸ್ ಅಂಗಡಿ ಇಟ್ಟಿರುವ ಪಕ್ಕದ ಮನೆಯ ಹಮೀದಾಕ ತಮ್ಮ ಟೆರೇಸಿನಿಂದಲೇ ಕೇಳಿದರು, “ಎಂತ ಮಾರಾಯ್ರೇ, ಅದಕ್ಕೆ ನೀರು ಹಾಕುದಿಲ್ವಾ?”

“ಹಾಕ್ತೇನೆ. ಅವಳು ಹಾಕುತ್ತಿದ್ದದ್ದೇ ಹಾಕ್ತೇನೆ.”

“ಹಾಗಾದ್ರೆ ಯಾರದ್ದೋ ಕಣ್ಣು ಬಿದ್ದದ್ದು.”

ಇಡೀ ಮಂಗಳೂರಿನಲ್ಲಿ ಕಣ್ಣು ಹಾಕಲು ಒಬ್ಬನಿಗೆ ನನ್ನ ಬಸಳೆಯೇ ಸಿಕ್ಕಿತೆಂದರೆ ಅವನ ಬಡತನ ಎಂಥದ್ದಿರಬೇಕು!

ಸುಮತಿ ಹಾಕುತ್ತಿದ್ದದ್ದು ಮೀನು ತೊಳೆದ ನೀರು. ಅದಕ್ಕೆ ಬಸಳೆ ಕೊಬ್ಬುತ್ತದೆ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅವಳ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಯುವ ತನಕ ಮನೆಯಲ್ಲಿ ಮೀನಿರಲಿಲ್ಲ. ಮುಗಿದ ಮೇಲೆ ನಾನು ಆ ಪದ್ಧತಿಯನ್ನು ಒಂದು ದಿನವೂ ತಪ್ಪಿಸಲಿಲ್ಲ.

ಹೀಗಿರುವಾಗ ಒಂದು ಭಾನುವಾರ ತಂಗಿಯ ಮಗಳು ಅಕ್ಷತಾ ಬಂದಳು. ಅವಳ ಸಂಶೋಧನೆ ಗಿಡಗಳ ಮೈಟೋಕಾಂಡ್ರಿಯಾದಲ್ಲಿರುವ ಅಯಾನ್ ಚಾನೆಲ್‌ಗಳ ಮೇಲೆ. ಅದರ ಬಗ್ಗೆ ನನಗೆ ಗೌರವವಿರಲಿಲ್ಲ. ಮೈಟೋಕಾಂಡ್ರಿಯಾ ಜೀವಕೋಶದ ಶಕ್ತಿಕೇಂದ್ರ ಎಂದು ಎಸ್ಸೆಸ್ಸೆಲ್ಸಿಯಲ್ಲಿ ನಾನೂ ಬಾಯಿಪಾಠ ಮಾಡಿದ್ದೆ. ಒಂದು ಟವೆಲ್ ಮಾರಲೂ ಅದರಿಂದ ಉಪಯೋಗವಾಗಲಿಲ್ಲ.

ಅವಳು ಬಳ್ಳಿಯನ್ನು ಮುಟ್ಟಿ ನೋಡಿ, ಡ್ರಮ್ಮಿನ ಮಣ್ಣನ್ನು ಮೂಸಿದಳು. ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿತ್ತು.

“ಮಾಮ, ಇದಕ್ಕೆ ಎಂತ ಹಾಕ್ತೀರಿ?”

“ಮೀನು ತೊಳೆದ ನೀರು. ನಿನ್ನ ಮಾಮಿ ಹಾಕಿದ ಹಾಗೆ.”

“ಯಾವ ಮೀನು?”

ಹೇಳಲೇಬೇಕಾಯಿತು. ಹಸಿ ಮೀನು ಕೊಯ್ಯಲು ನನಗೆ ಬಾರದು. ಒಮ್ಮೆ ಬಂಗುಡೆ ಕೊಯ್ಯಲು ಹೋಗಿ ಬೆರಳು ಕೊಯ್ದುಕೊಂಡ ಮೇಲೆ ಒಣಮೀನಿಗೆ ಇಳಿದಿದ್ದೆ. ಅದನ್ನು ನೆನೆಸಿ ಉಪ್ಪು ಬಿಡಿಸಿ, ಆ ನೀರನ್ನು ದಿನವೂ ಭಕ್ತಿಯಿಂದ ಡ್ರಮ್ಮಿಗೆ ಸುರಿಯುತ್ತಿದ್ದೆ.

“ಒಣಮೀನಿನ ಉಪ್ಪು ನೀರಾ! ನಿಮಗೆ ಮರ್ಲಾ ಮಾಮ, ತಲೆ ಕೆಟ್ಟಿದೆಯಾ?”

ಆಮೇಲೆ ಮೆಟ್ಟಿಲ ಮೇಲೆ ಕೂರಿಸಿ ಪಾಠ ಮಾಡಿದಳು. ಉಪ್ಪೋ ಬಿಸಿಲೋ ಬರವೋ ಗಿಡವನ್ನು ಹಿಡಿದಾಗ ಮೈಟೋಕಾಂಡ್ರಿಯಾದೊಳಗೆ ಕೆಲಸ ಹದ ತಪ್ಪಿ, ಗಿಡವನ್ನೇ ಸುಡುವಂಥ ಕೆಟ್ಟ ಆಮ್ಲಜನಕ ಹುಟ್ಟುತ್ತದಂತೆ. ಅದರ ಪೊರೆಯಲ್ಲಿ ಸಣ್ಣ ಸಣ್ಣ ಬಾಗಿಲುಗಳಿವೆ, ಅವೇ ಅಯಾನ್ ಚಾನೆಲ್‌ಗಳು. ಅವು ತೆರೆದು ಪೊಟ್ಯಾಶಿಯಂ ಒಳಗೆ ಬಿಟ್ಟರೆ ಒತ್ತಡ ತಗ್ಗುತ್ತದೆ, ಆ ವಿಷ ಕಡಿಮೆಯಾಗುತ್ತದೆ, ಗಿಡ ಇನ್ನಷ್ಟು ದಿನ ತಡೆದುಕೊಳ್ಳುತ್ತದೆ. ಇದು ಸರಿಯಾಗಿ ತಿಳಿದರೆ ಉಪ್ಪುನೀರು ನುಗ್ಗುವ ಗದ್ದೆಯಲ್ಲೂ ಭತ್ತ ಉಳಿಸಬಹುದು ಎಂದಳು.

“ಮತ್ತೆ ಇದು ಯಾಕೆ ಸಾಯ್ತಾ ಉಂಟು? ನಿನ್ನ ಬಾಗಿಲಿಗೆ ತುಕ್ಕು ಹಿಡಿದಿದೆಯಾ?” ಎಂದು ನಾನು ಕುಟುಕಿದೆ.

“ಎಲ್ಲದಕ್ಕೂ ಒಂದು ಮಿತಿ ಉಂಟಲ್ಲ ಮಾಮ. ಎರಡು ತಿಂಗಳು ದಿನಾ ಉಪ್ಪು ಕುಡಿಸಿದ್ದೀರಿ. ಇನ್ನೂ ಜೀವ ಹಿಡ್ಕೊಂಡು ಉಂಟಲ್ಲ, ಅದೇ ದೊಡ್ಡದು.”

ಬಂದವರನ್ನೆಲ್ಲ ಹೀಯಾಳಿಸಿದ್ದೆ, ಆದರೆ ಅವರಲ್ಲಿ ಒಬ್ಬರೂ ಸುಮತಿಯ ಬಸಳೆಯ ತಂಟೆಗೆ ಹೋಗಿರಲಿಲ್ಲ. ಅದನ್ನು ಕೊಲ್ಲುತ್ತಿದ್ದವನು, ಅದೂ ಪ್ರೀತಿಯಿಂದ, ನಾನೊಬ್ಬನೇ. ಅಕ್ಷತಾ ಮಾತು ಬೆಳೆಸದೆ ಇನ್ನೂ ಹಸಿರಾಗಿದ್ದ ನಾಲ್ಕು ತುದಿಗಳನ್ನು ಕತ್ತರಿಸಿ ಹೊಸ ಮಣ್ಣಿನಲ್ಲಿ ಊರಿದಳು. ಬರೀ ನೀರು, ಅದೂ ಸ್ವಲ್ಪ ಎಂದಳು. ಕೈ ತೊಳೆಯುತ್ತಿದ್ದವಳು ಥಟ್ಟನೆ ತಿರುಗಿ ಕೇಳಿದಳು, “ನೀರು ಬಸಳೆಗೆ. ಆ ಮೀನು ಯಾರಿಗೆ?”

“ನನಗೆ.”

“ದಿನಾ?”

“ದಿನಾ.”

ಉಪ್ಪು ತಿಂದವನು ನೀರು ಕುಡಿಯಬೇಕು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಉಪ್ಪು ತಿಂದದ್ದು ನಾನು, ಅದರ ನೀರು ಕುಡಿದದ್ದು ಬಸಳೆ. ಮರುದಿನವೇ ಅಕ್ಷತಾ ನನ್ನನ್ನು ಅತ್ತಾವರದ ಕ್ಲಿನಿಕ್ಕಿಗೆ ಎಳೆದೊಯ್ದಳು. ಡಾಕ್ಟರು ನನ್ನ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದರು. ಯಂತ್ರದ ಮೇಲೆ ನಂಬಿಕೆ ಬಾರದೆ ಇನ್ನೊಮ್ಮೆ ನೋಡಿದರು. ಆಮೇಲೆ ನನ್ನನ್ನು, ಅಕ್ಷತಾ ಆ ಬಳ್ಳಿಯನ್ನು ನೋಡಿದ ಹಾಗೆಯೇ ನೋಡಿದರು.

ಊರಿದ ನಾಲ್ಕು ತುದಿಗಳಲ್ಲಿ ಒಂದು ಕೊಳೆಯಿತು, ಮೂರು ಚಿಗುರಿವೆ. ದಿನಾ ಬೆಳಗ್ಗೆ ಅವಕ್ಕೆ ಬರೀ ನೀರು ಎರೆದು, ಅವುಗಳ ಎದುರೇ ನಿಂತು ನನ್ನ ಬಿಪಿ ಮಾತ್ರೆ ನುಂಗುತ್ತೇನೆ. ಬಸಳೆಗೆ ತನ್ನ ಬಾಗಿಲನ್ನು ತಾನೇ ತೆರೆದುಕೊಳ್ಳಲು ಬರುತ್ತದೆ. ನನಗೋ, ಸ್ಟ್ರಿಪ್ಪಿನಿಂದ ಮಾತ್ರೆ ಬಿಡಿಸಲಿಕ್ಕೂ ಕನ್ನಡಕ ಬೇಕು.